ಕಂಪ್ಯೂಟರ್ ತಾನಾಗೇ ಆಫ್ ಆಗುತ್ತಿದೆ, ಲಾಗ್‌ನಲ್ಲಿ 41 ಅಂತ ಬರುತ್ತಿದೆ. ಮದರ್‌ಬೋರ್ಡ್ ಬದಲಿಸಬೇಕಾ?

ಪ್ರಶ್ನೆ: ಸರ್, ಕಾರವಾರದಲ್ಲಿ ನಮ್ಮದೊಂದು ಸಣ್ಣ ಝೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸವನ್ನೂ ಮಾಡುತ್ತೇವೆ. ಜೂನ್‌ನಲ್ಲಿ ಮಳೆ ಹಿಡಿದಾಗಿಂದ ನಮ್ಮ ಕಂಪ್ಯೂಟರ್ ದಿನಕ್ಕೆ ಮೂರ್ನಾಲ್ಕು ಸಲ ಪಟ್ ಅಂತ ಆಫ್ ಆಗುತ್ತಿದೆ. 600 ವಿಎ ಯುಪಿಎಸ್ ಇದೆ, ಆದರೂ ಹೀಗೇ. ಫಾರ್ಮ್ಯಾಟ್ ಮಾಡಿಸಿ ವಿಂಡೋಸ್ 10 ಹೊಸದಾಗಿ ಹಾಕಿಸಿದೆ, ಸರಿಹೋಗಲಿಲ್ಲ. ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆರೆದು ನೋಡಿದರೆ ಕೆಂಪು ಗುರುತಿನ ಜೊತೆ 'ಕರ್ನಲ್ ಪವರ್ 41' ಅಂತಿದೆ, ಅದರ ಪಕ್ಕ 6008 ಇದೆ. ಬಗ್‌ಚೆಕ್ ಕೋಡ್ 0 ಅಂತ ತೋರಿಸುತ್ತದೆ. ರಿಪೇರಿಯವರು '41 ಬಂತು ಅಂದ್ರೆ ಬೋರ್ಡ್ ಹೋಯ್ತು' ಅನ್ನುತ್ತಾರೆ. ಎಂಟು ಸಾವಿರ ಖರ್ಚು. ಬದಲಿಸಲೇ?

ಉತ್ತರ: ಸದ್ಯ ಬದಲಿಸಬೇಡಿ. ನೀವು ಬರೆದ ವಿವರದಲ್ಲಿ ಬೋರ್ಡ್ ಹಾಳಾಗಿದೆ ಅಂತ ತೋರಿಸುವಂಥದ್ದು ಏನೂ ಇಲ್ಲ. ಶಿರಸಿಯಲ್ಲಿ ಈ ರಿಪೇರಿ ಕೆಲಸಕ್ಕೆ ಕೂತು ಇಪ್ಪತ್ತು ವರ್ಷ ಆಗುತ್ತಾ ಬಂತು. 41 ನೋಡಿ ಬೋರ್ಡ್ ಬದಲಿಸಿ, ಮನೆಗೆ ಹೋದ ಮೇಲೆ ಮತ್ತೆ ಅದೇ 41 ಕಂಡು ನನ್ನ ಹತ್ತಿರ ಬಂದವರು ಬಹಳ ಜನ. ಆ ದುಡ್ಡು ವಾಪಸ್ ಬರುವುದಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮೂರಿನ ಅಡಿಕೆ ವಖಾರಿಗಳಲ್ಲಿ ಕಿರ್ದಿ ಬರೆಯುವುದನ್ನು ನೀವು ನೋಡಿರಬಹುದು. ಸಂಜೆ ಬಾಗಿಲು ಹಾಕುವ ಮೊದಲು ಆ ದಿನದ ಜಮಾ ಖರ್ಚು ಕೂಡಿಸಿ, ಉಳಿದ ಶಿಲ್ಕು ಬರೆದು, ಕೆಳಗೆ ಗೆರೆ ಎಳೆಯುತ್ತಾರೆ. ಮರುದಿನ ಪುಸ್ತಕ ತೆರೆದಾಗ ಆ ಗೆರೆ ಇಲ್ಲದಿದ್ದರೆ, ನಿನ್ನೆ ಲೆಕ್ಕ ಮುಗಿಸದೇ ಎದ್ದು ಹೋಗಿದ್ದಾರೆ ಅಂತ ಗೊತ್ತಾಗುತ್ತದೆ. ಯಾಕೆ ಎದ್ದು ಹೋದರು ಅನ್ನುವುದು ಪುಸ್ತಕದಲ್ಲಿ ಇರುವುದಿಲ್ಲ. 41 ಕೂಡ ಇಷ್ಟೇ ಹೇಳುತ್ತದೆ. ಕಂಪ್ಯೂಟರ್ ಮತ್ತೆ ಎದ್ದಾಗ ಹಿಂದಿನ ಸಲ ಸರಿಯಾಗಿ ಮುಚ್ಚಿಲ್ಲ ಅನ್ನುವುದನ್ನು ನೋಡಿ, ಆಗ ಬರೆದಿಟ್ಟ ಸಾಲು ಅದು. ಹಾಗಾಗಿ 41ರ ಎದುರಿಗೆ ಇರುವ ಸಮಯ ಕಂಪ್ಯೂಟರ್ ಎದ್ದ ಸಮಯ, ಸತ್ತ ಸಮಯ ಅಲ್ಲ. ಇದನ್ನು ಗಮನಿಸದೇ ತಪ್ಪು ಹೊತ್ತಿನಲ್ಲಿ ಕಾರಣ ಹುಡುಕುವವರು ಜಾಸ್ತಿ.

ಸತ್ತ ಸಮಯ ಬೇಕಿದ್ದರೆ 6008 ತೆರೆಯಿರಿ. 'ಹಿಂದಿನ ಶಟ್‌ಡೌನ್ ಇಂಥ ದಿನ ಇಷ್ಟು ಗಂಟೆಗೆ ಅನಿರೀಕ್ಷಿತವಾಗಿ ಆಯಿತು' ಅನ್ನುವ ಅರ್ಥದ ಒಂದು ವಾಕ್ಯ ಅದರಲ್ಲಿ ಇರುತ್ತದೆ. ಆ ವಾಕ್ಯದ ಒಳಗಿನ ಗಂಟೆ ನಮಗೆ ಬೇಕಾದದ್ದು. ವಿಂಡೋಸ್ 'ನಾನಿನ್ನೂ ಬದುಕಿದ್ದೇನೆ' ಅಂತ ಆಗಾಗ ಸಮಯ ಗುರುತು ಹಾಕಿಕೊಳ್ಳುತ್ತಿರುತ್ತದೆ. ಕೊನೆಯ ಗುರುತನ್ನೇ ಇಲ್ಲಿ ತೋರಿಸುವುದರಿಂದ ಸ್ವಲ್ಪ ಹಿಂದೆ ಮುಂದೆ ಇರಬಹುದು, ನಮ್ಮ ಕೆಲಸಕ್ಕೆ ಸಾಕು.

ಹುಡುಕುವುದು ಸುಲಭ. ಸ್ಟಾರ್ಟ್ ಮೆನುವಿನಲ್ಲಿ ಈವೆಂಟ್ ವ್ಯೂವರ್ ಅಂತ ಹುಡುಕಿ ತೆರೆಯಿರಿ. ಎಡಗಡೆ 'ವಿಂಡೋಸ್ ಲಾಗ್ಸ್' ಅದರೊಳಗೆ 'ಸಿಸ್ಟಮ್'. ಬಲಗಡೆ 'ಫಿಲ್ಟರ್ ಕರೆಂಟ್ ಲಾಗ್' ಅಂತಿದೆ. ಇಲ್ಲಿ ಕರೆಂಟ್ ಅಂದರೆ ಈಗ ತೆರೆದಿರುವ ಲಾಗ್ ಅಂತ ಅರ್ಥ, ವಿದ್ಯುತ್ತಿಗೆ ಸಂಬಂಧ ಇಲ್ಲ. ಅದನ್ನು ಒತ್ತಿ, ಈವೆಂಟ್ ಐಡಿ ಕೇಳುವ ಜಾಗದಲ್ಲಿ 41, 1001, 1074, 6005, 6006, 6008 ಇಷ್ಟನ್ನು ಅಲ್ಪವಿರಾಮ ಹಾಕಿ ಬರೆಯಿರಿ. ನೂರಾರು ಸಾಲುಗಳು ಹೋಗಿ ಬೇಕಾದಷ್ಟೇ ಉಳಿಯುತ್ತವೆ.

6005 ಅಂದರೆ ಲಾಗ್ ಬರೆಯುವ ಸೇವೆ ಶುರುವಾಯಿತು, ಪುಸ್ತಕ ತೆರೆದರು ಅಂತ. 6006 ಅಂದರೆ ನಿಲ್ಲಿಸಿದರು, ಗೆರೆ ಎಳೆದರು ಅಂತ. ಎರಡು 6005ರ ನಡುವೆ 6006 ಇಲ್ಲದೇ 6008 ಇದ್ದರೆ ಆ ಸಲ ಕಂಪ್ಯೂಟರ್ ಹೇಳದೇ ಕೇಳದೇ ಹೋಗಿದೆ. 1074 ಇದ್ದರೆ ಯಾರೋ ಹೇಳಿಯೇ ಆಫ್ ಅಥವಾ ರೀಸ್ಟಾರ್ಟ್ ಮಾಡಿಸಿದ್ದಾರೆ. ಯಾವ ಪ್ರೋಗ್ರಾಂ, ಯಾವ ಯೂಸರ್ ಅನ್ನುವ ಹೆಸರೂ ಅದರಲ್ಲೇ ಇರುತ್ತದೆ. ಊಟಕ್ಕೆ ಹೋಗಿ ಬರುವುದರೊಳಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿತ್ತು ಅಂತ ಗಾಬರಿಯಾಗಿ ಬರುವ ಅನೇಕರ ಲಾಗ್‌ನಲ್ಲಿ 1074 ಇರುತ್ತದೆ, ವಿಂಡೋಸ್ ಅಪ್‌ಡೇಟ್ ಮಾಡಿದ ಕೆಲಸ ಅಂತ ಅಲ್ಲೇ ಗೊತ್ತಾಗುತ್ತದೆ. ನಿಮ್ಮದು ಅದಲ್ಲ.

ಇನ್ನು 41ರ ಹೊಟ್ಟೆಯೊಳಗೆ ನೋಡೋಣ. ಅದರ ಮೇಲೆ ಒತ್ತಿ, ಕೆಳಗೆ 'ಡಿಟೇಲ್ಸ್' ಅನ್ನುವ ಟ್ಯಾಬ್‌ಗೆ ಹೋಗಿ. ಅಲ್ಲಿ ಎರಡು ಅಂಕಿ ಮುಖ್ಯ. ಒಂದು ಬಗ್‌ಚೆಕ್ ಕೋಡ್, ಇನ್ನೊಂದು ಪವರ್ ಬಟನ್ ಟೈಮ್‌ಸ್ಟ್ಯಾಂಪ್. ಎರಡನೆಯದರಲ್ಲಿ ಸೊನ್ನೆ ಬಿಟ್ಟು ಬೇರೆ ಉದ್ದನೆಯ ಅಂಕಿ ಇದ್ದರೆ ಯಾರೋ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದ್ದಾರೆ. ಕಂಪ್ಯೂಟರ್ ಹ್ಯಾಂಗ್ ಆದಾಗ ನಾವೆಲ್ಲ ಮಾಡುವ ಕೆಲಸ ಅದೇ ಅಲ್ವಾ? ಅಂಗಡಿಯಲ್ಲಿ ಹುಡುಗರು ಕೂತು ಕೆಲಸ ಮಾಡುತ್ತಾರೆ ಅಂದರೆ ಇದನ್ನು ಮೊದಲು ನೋಡಿ. 'ತಾನಾಗೇ ಆಫ್ ಆಯ್ತು' ಅಂದಿದ್ದು 'ಹ್ಯಾಂಗ್ ಆಗಿತ್ತು, ನಾನೇ ಆಫ್ ಮಾಡಿದೆ' ಅಂತ ಆಗಿರಬಹುದು. ಆ ದಾರಿ ಬೇರೆ.

ಬಗ್‌ಚೆಕ್ ಕೋಡ್‌ನಲ್ಲಿ ಸೊನ್ನೆ ಅಲ್ಲದ ಅಂಕಿ ಇದ್ದರೆ ಅದು ನೀಲಿ ಪರದೆ. ವಿಂಡೋಸ್‌ಗೆ ಏನೋ ತಪ್ಪಾಗಿದ್ದು ಗೊತ್ತಾಗಿದೆ, ಸಾಯುವ ಮುಂಚೆ ಕಾರಣ ಬರೆದಿದೆ. ಆದರೆ ಇಲ್ಲಿ ಅಂಕಿ ದಶಮಾನದಲ್ಲಿ ಇರುತ್ತದೆ, ಮೈಕ್ರೋಸಾಫ್ಟ್‌ನ ಪಟ್ಟಿ ಹದಿನಾರರ ಎಣಿಕೆಯಾದ ಹೆಕ್ಸ್‌ನಲ್ಲಿ ಇರುತ್ತದೆ. 41ರಲ್ಲಿ 292 ಕಂಡರೆ ಅದು ಹೆಕ್ಸ್‌ನಲ್ಲಿ 124, ಅಂದರೆ ಹಾರ್ಡ್‌ವೇರ್ ತಾನೇ ವರದಿ ಮಾಡಿದ ದೋಷ. 159 ಕಂಡರೆ ಹೆಕ್ಸ್‌ನಲ್ಲಿ 9ಎಫ್, ಯಾವುದೋ ಡ್ರೈವರ್ ನಿದ್ದೆಗೆ ಹೋಗುವಾಗಲೋ ಏಳುವಾಗಲೋ ಸಿಕ್ಕಿಕೊಂಡಿದೆ. 26 ಅಂದರೆ 1ಎ, ಮೆಮೊರಿಯ ಗೊಂದಲ. 122 ಅಂದರೆ 7ಎ, ಡಿಸ್ಕ್‌ನಿಂದ ಓದಲು ಆಗಲಿಲ್ಲ, ಹಾರ್ಡ್‌ಡಿಸ್ಕ್ ಮತ್ತು ಅದರ ಕೇಬಲ್ ನೋಡಿ. ಕ್ಯಾಲ್ಕುಲೇಟರ್‌ನಲ್ಲಿ 'ಪ್ರೋಗ್ರಾಮರ್' ಅನ್ನುವುದಕ್ಕೆ ಬದಲಿಸಿಕೊಂಡರೆ ಈ ಲೆಕ್ಕ ಅದೇ ಮಾಡಿಕೊಡುತ್ತದೆ. ಸಿಸ್ಟಮ್ ಲಾಗ್‌ನಲ್ಲಿ 'ಬಗ್‌ಚೆಕ್' ಅನ್ನುವ ಹೆಸರಿನ 1001 ಇದ್ದರೆ ಅದರಲ್ಲಿ ಕೋಡ್ ನೇರವಾಗಿ ಹೆಕ್ಸ್‌ನಲ್ಲೇ ಇರುತ್ತದೆ, ಆ ಹೊತ್ತಿನ ಮೆಮೊರಿಯನ್ನು ಬರೆದಿಟ್ಟ ಡಂಪ್ ಫೈಲ್ ಎಲ್ಲಿದೆ ಅಂತಲೂ ಇರುತ್ತದೆ.

ಮಧ್ಯೆ ಒಂದು ಎಚ್ಚರಿಕೆ. ಲಾಗ್‌ನಲ್ಲಿ ಕೆಂಪು, ಹಳದಿ ಗುರುತು ಎಷ್ಟೋ ಇರುತ್ತವೆ. 10016 ಅನ್ನುವುದು ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ತುಂಬಿಕೊಂಡಿರುತ್ತದೆ, ಅದನ್ನು ಬಿಟ್ಟುಬಿಡಬಹುದು ಅಂತ ಮೈಕ್ರೋಸಾಫ್ಟೇ ಹೇಳಿದೆ. ಫೋನ್ ಮಾಡಿ 'ಈವೆಂಟ್ ವ್ಯೂವರ್ ತೆಗೀರಿ, ಕೆಂಪು ಕಾಣ್ತಾ ಇದೆಯಾ, ವೈರಸ್ ಬಂದಿದೆ' ಅಂತ ಹೆದರಿಸಿ ದುಡ್ಡು ಕೀಳುವವರು ಇದ್ದಾರೆ. ಮನೆಯಲ್ಲಿ ಹಿರಿಯರು ಕಂಪ್ಯೂಟರ್ ಬಳಸುತ್ತಿದ್ದರೆ ದಯವಿಟ್ಟು ಅವರಿಗೆ ಇದನ್ನು ಹೇಳಿಡಿ.

ಈಗ ನಿಮ್ಮ ಸೊನ್ನೆಗೆ ಬರೋಣ. ಬಗ್‌ಚೆಕ್ ಸೊನ್ನೆ. ಬಟನ್ ಟೈಮ್‌ಸ್ಟ್ಯಾಂಪ್ ಕೂಡ ಸೊನ್ನೆ ಇದ್ದರೆ, ವಿಂಡೋಸ್‌ಗೆ ಒಂದು ಅಕ್ಷರ ಬರೆಯಲೂ ಸಮಯ ಸಿಗಲಿಲ್ಲ ಅಂತ ಅರ್ಥ. ಕಾಲ ಕೆಳಗಿನ ನೆಲವನ್ನೇ ಎಳೆದ ಹಾಗೆ. ಫಾರ್ಮ್ಯಾಟ್ ಮಾಡಿಸಿದ್ದರಿಂದ ಹಳೆಯ ಲಾಗ್ ಎಲ್ಲ ಅಳಿಸಿಹೋಯಿತು, ಅದು ನಷ್ಟವೇ. ಆದರೆ ಹೊಸ ವಿಂಡೋಸ್‌ನಲ್ಲೂ ಅದೇ ತೊಂದರೆ ಬಂದಿದ್ದರಿಂದ ಒಂದು ಲಾಭವೂ ಆಯಿತು. ಸಾಫ್ಟ್‌ವೇರ್ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು. ಉಳಿದಿದ್ದು ಕರೆಂಟ್, ಬಿಸಿ, ಮತ್ತು ಹಾರ್ಡ್‌ವೇರ್‌ನ ಸಡಿಲ ಜಾಗಗಳು. ಇವುಗಳಲ್ಲಿ ಯಾವುದು ಅಂತ ಕೋಡ್ ಹೇಳುವುದಿಲ್ಲ. 6008ರ ಗಂಟೆಗಳು ಹೇಳುತ್ತವೆ.

ಇದನ್ನು ನಾನು ಕಲಿತದ್ದು ಕುಮಟಾದ ಒಂದು ಅಂಗಡಿಯಲ್ಲಿ. ನಿಮ್ಮಂಥದ್ದೇ ಝೆರಾಕ್ಸ್ ಅಂಗಡಿ, ಜೂನ್ ತಿಂಗಳು, ಇದೇ ದೂರು. ಮೊದಲ ಸಲ ಹೋದಾಗ ಕಂಪ್ಯೂಟರ್‌ಗೆ ಕರೆಂಟ್ ಒದಗಿಸುವ ಒಳಗಿನ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಬದಲಿಸಿ ಬಂದೆ. ಎರಡನೇ ಸಲ ರ‍್ಯಾಮ್ ಬದಲಿಸಿದೆ. ಮೂರನೇ ಸಲ ಫೋನ್ ಬಂದಾಗ ನನಗೇ ಸಂಕಟವಾಯಿತು. ಹೋಗಿ ಏನೂ ಬಿಚ್ಚಲಿಲ್ಲ, ಕುರ್ಚಿ ಎಳೆದುಕೊಂಡು ಕೂತು 6008ರ ಏಳು ಸಮಯಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡೆ. ಆಮೇಲೆ 'ಡೌನ್‌ಲೋಡ್ಸ್' ತೆರೆದೆ. ಅರ್ಜಿ ಹಾಕಿದ ಮೇಲೆ ಬರುವ ರಸೀದಿ ಪಿಡಿಎಫ್‌ಗಳು ಸಾಲಾಗಿ ಇದ್ದವು, ಪ್ರತಿಯೊಂದರ ಎದುರಿಗೂ ಸಮಯ. 11:40ಕ್ಕೆ ರಸೀದಿ, 11:41ಕ್ಕೆ ಆಫ್. 12:26ಕ್ಕೆ ರಸೀದಿ, 12:28ಕ್ಕೆ ಆಫ್. ಏಳರಲ್ಲಿ ಆರು ಹೀಗೇ ಹೊಂದಿದವು. ರಸೀದಿ ಇಳಿದ ತಕ್ಷಣ ಅಂಗಡಿಯವರು ಏನು ಮಾಡುತ್ತಾರೆ? ಪ್ರಿಂಟ್ ಕೊಡುತ್ತಾರೆ.

ಮೇಜಿನ ಕೆಳಗೆ ಬಗ್ಗಿ ನೋಡಿದೆ. ಲೇಸರ್ ಪ್ರಿಂಟರ್‌ನ ಪ್ಲಗ್ಗು ಯುಪಿಎಸ್‌ನ ಹಿಂದೆ ಸಿಕ್ಕಿಸಿತ್ತು. ಗೋಡೆಯ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದೆ, 221 ವೋಲ್ಟ್ ತೋರಿಸಿತು. ಒಂದು ಪ್ರಿಂಟ್ ಕೊಡಿ ಅಂದೆ. ಪ್ರಿಂಟರ್ ಗುರ್ ಅನ್ನುವಷ್ಟರಲ್ಲಿ ಮೀಟರ್ 196ಕ್ಕೆ ಇಳಿಯಿತು, ಯುಪಿಎಸ್ 'ಟಕ್' ಅಂತ ಬ್ಯಾಟರಿಗೆ ಹಾರಿತು, ಒಂದು ಉದ್ದನೆಯ ಬೀಪ್, ಪರದೆ ಕಪ್ಪು. ಮೂರು ತಿಂಗಳ ದೂರು ಎರಡು ಸೆಕೆಂಡಿನಲ್ಲಿ ಕಣ್ಣೆದುರಿಗೆ ನಡೆಯಿತು.

ಕಾರಣ ಹೀಗೆ. ಲೇಸರ್ ಪ್ರಿಂಟರ್ ಕಾಗದದ ಮೇಲಿನ ಪುಡಿಯನ್ನು ಕರಗಿಸಿ ಅಂಟಿಸಬೇಕು. ಅದಕ್ಕೆ ಒಳಗೊಂದು ಹೀಟರ್ ಇದೆ. ತಣ್ಣಗಿದ್ದ ಹೀಟರ್ ಮೊದಲ ಪುಟಕ್ಕೆ ಬಿಸಿಯೇರುವಾಗ ಕ್ಷಣಕಾಲ 800 ವ್ಯಾಟ್ ದಾಟುವುದುಂಟು. 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವ್ಯಾಟ್ ಆಸುಪಾಸು. ಲೈನ್‌ನಲ್ಲಿ ವೋಲ್ಟೇಜ್ ಚೆನ್ನಾಗಿದ್ದಾಗ ಯುಪಿಎಸ್ ಗೋಡೆಯ ಕರೆಂಟನ್ನೇ ಹಾಗೆ ದಾಟಿಸುತ್ತದೆ, ಹೇಗೋ ನಡೆದುಹೋಗುತ್ತದೆ. ವೋಲ್ಟೇಜ್ ಕಮ್ಮಿ ಇರುವ ಹೊತ್ತಿನಲ್ಲಿ ಹೀಟರ್ ಎಳೆದರೆ ಯುಪಿಎಸ್ ಬ್ಯಾಟರಿಗೆ ಹಾರುತ್ತದೆ, ಭಾರ ತಡೆಯದೇ ಕೈಚೆಲ್ಲುತ್ತದೆ. ಅದಕ್ಕೇ ಪ್ರತಿ ಪ್ರಿಂಟಿಗೂ ಆಗದೇ ದಿನಕ್ಕೆ ಮೂರ್ನಾಲ್ಕು ಸಲ ಮಾತ್ರ ಆಗುತ್ತದೆ. ಲೇಸರ್ ಪ್ರಿಂಟರ್ ಅನ್ನು ಯುಪಿಎಸ್‌ಗೆ ಸಿಕ್ಕಿಸಬೇಡಿ ಅಂತ ಪ್ರಿಂಟರ್ ಕಂಪನಿಗಳೂ ಹೇಳುತ್ತವೆ.

ಕುಮಟಾದವರೂ ನಿಮ್ಮ ಹಾಗೆ 'ಮಳೆ ಶುರುವಾದಾಗಿಂದ' ಅಂದಿದ್ದರು. ನಾನೂ ಮಳೆಯನ್ನೇ ನಂಬಿ ಎರಡು ಸಲ ಎಡವಿದೆ. ಜೂನ್ ಅಂದರೆ ಅಡ್ಮಿಷನ್ ಕಾಲ. ಪಿಯುಸಿ, ಡಿಗ್ರಿ, ಹಾಸ್ಟೆಲ್, ಸ್ಕಾಲರ್‌ಶಿಪ್ ಅಂತ ಪ್ರಿಂಟ್ ಜಾಸ್ತಿಯಾಗುವ ತಿಂಗಳೂ ಅದೇ. ನಿಮ್ಮ ಪತ್ರದಲ್ಲಿ ಪ್ರಿಂಟರ್ ಎಲ್ಲಿ ಸಿಕ್ಕಿಸಿದ್ದೀರಿ ಅಂತ ಬರೆದಿಲ್ಲ. ಇವತ್ತೇ ಬಗ್ಗಿ ನೋಡಿ. ಯುಪಿಎಸ್‌ನಲ್ಲಿ ಇದ್ದರೆ ತೆಗೆದು ಬೇರೆ ಗೋಡೆ ಪ್ಲಗ್ಗಿಗೆ ಹಾಕಿ, ಮೂರು ದಿನ ಲಾಗ್ ನೋಡಿ. ಖರ್ಚು ಏನೂ ಇಲ್ಲ.

ಪ್ರಿಂಟರ್ ಕಾರಣ ಅಲ್ಲದಿದ್ದರೆ ಮುಂದಿನ ಅನುಮಾನ ಯುಪಿಎಸ್ ಬ್ಯಾಟರಿ. ಒಳಗಿರುವ 12 ವೋಲ್ಟ್ 7 ಎಎಚ್ ಬ್ಯಾಟರಿ ನಮ್ಮ ಸೆಕೆಯಲ್ಲಿ ಎರಡು ಮೂರು ವರ್ಷ ಬಾಳಿದರೆ ಹೆಚ್ಚು. ಬ್ಯಾಟರಿ ಸತ್ತರೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಅದಕ್ಕೇ ಜನ ಮೋಸ ಹೋಗುತ್ತಾರೆ. ಕಂಪ್ಯೂಟರ್‌ನ ಪ್ಲಗ್ಗನ್ನು ಯುಪಿಎಸ್‌ನಿಂದ ತೆಗೆದಿಟ್ಟು, ಯುಪಿಎಸ್‌ಗೆ ಹಳೇ 60 ವ್ಯಾಟ್ ಬುರುಡೆ ಬಲ್ಬ್ ಹಾಕಿ ಗೋಡೆಯ ಸ್ವಿಚ್ ಆಫ್ ಮಾಡಿ. ಬಲ್ಬ್ ಹತ್ತು ನಿಮಿಷವಾದರೂ ಉರಿಯಬೇಕು. ತಕ್ಷಣ ಆರಿದರೆ ಹೊಸ ಬ್ಯಾಟರಿ ಹಾಕಿಸಿ.

ಯುಪಿಎಸ್ ಕೆಲಸ ಮಾಡದಿದ್ದರೆ ಮಳೆಗಾಲದ ಕರೆಂಟ್ ನೇರವಾಗಿ ಕಂಪ್ಯೂಟರ್‌ಗೆ ತಾಗುತ್ತದೆ. ಘಟ್ಟದ ಕಾಡಿನ ನಡುವೆ ಹಾದುಬರುವ ಲೈನ್‌ಗಳು ನಮ್ಮ ಜಿಲ್ಲೆಯವು. ಗಾಳಿಗೆ ಒಂದು ಟೊಂಗೆ ತಾಗಿ ಬಿಟ್ಟರೂ ಸಾಕು, ದೀಪ ಕಣ್ಣು ಮಿಟುಕಿಸುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಕಂಪ್ಯೂಟರ್‌ನ ಎಸ್‌ಎಂಪಿಎಸ್ ತುಂಬು ಭಾರದಲ್ಲಿ ಕರೆಂಟ್ ಇಲ್ಲದೇ ತಡೆಯುವುದು ಸುಮಾರು 16 ಮಿಲಿಸೆಕೆಂಡ್. ಒಂದು ಸುತ್ತು ತಪ್ಪಿದರೂ ಬಿತ್ತು. ಫ್ಯಾನ್ ತಿರುಗುತ್ತಲೇ ಇರುತ್ತದೆ, ಕಂಪ್ಯೂಟರ್ ಮಾತ್ರ ಹೋಗಿರುತ್ತದೆ, 'ಕರೆಂಟ್ ಹೋಗಿರಲೇ ಇಲ್ಲ' ಅಂತ ನೀವು ಪ್ರಮಾಣ ಮಾಡುತ್ತೀರಿ.

ಯುಪಿಎಸ್ ಬದಲು ಮನೆಯ ಇನ್ವರ್ಟರ್ ಲೈನ್‌ಗೆ ಕಂಪ್ಯೂಟರ್ ಹಾಕಿದವರು ಇನ್ವರ್ಟರ್‌ನ ಹಿಂಬದಿ ನೋಡಿ. ಅನೇಕ ಇನ್ವರ್ಟರ್‌ಗಳಲ್ಲಿ 'ಯುಪಿಎಸ್' ಮತ್ತು 'ನಾರ್ಮಲ್' ಅಥವಾ 'ಇಕೋ' ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿ ಇದ್ದರೆ ಅದು ತಡವಾಗಿ ಬದಲಾಗುತ್ತದೆ, ಬಲ್ಬಿಗೆ ಸಾಕು, ಕಂಪ್ಯೂಟರ್‌ಗೆ ಸಾಲದು. ಆ ಸ್ವಿಚ್ಚನ್ನು ಯುಪಿಎಸ್ ಕಡೆ ತಳ್ಳಿ ನೋಡಿ.

ಬಿಸಿಯನ್ನು ಗುರುತಿಸುವುದು ಹೇಗೆ? ಪ್ರೊಸೆಸರ್ ಮಿತಿ ಮೀರಿ ಕಾದರೆ ತನ್ನನ್ನು ಉಳಿಸಿಕೊಳ್ಳಲು ಕರೆಂಟನ್ನೇ ಕಡಿಸುತ್ತದೆ. ಆಗಲೂ ಲಾಗ್‌ನಲ್ಲಿ ಅದೇ 41, ಅದೇ ಸೊನ್ನೆ. ಕೆಲವು ಕಂಪ್ಯೂಟರ್‌ಗಳಲ್ಲಿ ಮಾತ್ರ ಕರ್ನಲ್ ಪವರ್ 86 ಅಂತ ಬಂದು, ಬಿಸಿಯಿಂದ ಆಫ್ ಆಯಿತು ಅಂತ ಬರೆದಿರುತ್ತದೆ. ಬರದಿದ್ದರೆ 6005ರಿಂದ 6008ರ ಗಂಟೆಯವರೆಗಿನ ಅಂತರ ಲೆಕ್ಕ ಹಾಕಿ. ಶುರುಮಾಡಿ ನಲವತ್ತು ನಿಮಿಷಕ್ಕೆ ಒಮ್ಮೆ, ಮತ್ತೆ ಹಾಕಿದರೆ ಹತ್ತು ನಿಮಿಷಕ್ಕೆ, ಮತ್ತೆ ಐದು ನಿಮಿಷಕ್ಕೆ ಅಂತ ಅಂತರ ಕುಗ್ಗುತ್ತಾ ಹೋದರೆ ಅದು ಬಿಸಿ. ಪ್ರೊಸೆಸರ್ ಫ್ಯಾನ್ ಬಿಚ್ಚಿದರೆ ಕೆಳಗೆ ಧೂಳು ಮತ್ತು ತೇವ ಸೇರಿ ಕಂಬಳಿ ತುಂಡಿನ ಹಾಗೆ ಕೂತಿರುತ್ತದೆ. ತೆಗೆದು, ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಸಿ.

ಕಡಲ ಊರಿನವರಾದ್ದರಿಂದ ಉಪ್ಪಿನ ಬಗ್ಗೆ ಹೇಳಲೇಬೇಕು. ಗಾಳಿಯಲ್ಲಿ ಬರುವ ಉಪ್ಪಿನ ಕಣ ಬೋರ್ಡಿನ ಮೇಲೆ ಕೂರುತ್ತದೆ. ಬೇಸಿಗೆಯಲ್ಲಿ ಒಣಗಿ ಸುಮ್ನೆ ಇರುತ್ತದೆ. ತೇವಾಂಶ ಸುಮಾರು ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರೆಳೆದು ಕರಗುತ್ತದೆ, ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲಿ ಆಗುವ ಹಾಗೆ. ಉಪ್ಪು ನೀರು ವಿದ್ಯುತ್ ಹರಿಸುತ್ತದೆ. ಕಾರವಾರ, ಅಂಕೋಲಾ, ಹೊನ್ನಾವರದಿಂದ ಬರುವ ಕಂಪ್ಯೂಟರ್‌ಗಳ ರ‍್ಯಾಮ್ ತೆಗೆದರೆ ಚಿನ್ನದ ಬಣ್ಣದ ಹಲ್ಲುಗಳ ಬುಡದಲ್ಲಿ ಹಸಿರು ಬಿಳಿ ಪುಡಿ ಕಾಣುತ್ತದೆ, ಶಿರಸಿಯವುಗಳಲ್ಲಿ ಇಷ್ಟು ಕಾಣುವುದಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿಸಿ ಹಾಕಿದರೆ ಎಷ್ಟೋ 'ಬೋರ್ಡ್ ಹೋಗಿದೆ' ಅಂದ ಕಂಪ್ಯೂಟರ್‌ಗಳು ಎದ್ದಿವೆ. ರಜೆಯಲ್ಲೂ ದಿನಕ್ಕೊಂದು ತಾಸು ಕಂಪ್ಯೂಟರ್ ಹಾಕಿಡಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ. ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ತೇವ ಒಳಗೇ ಉಳಿಯುತ್ತದೆ.

ಎಸ್‌ಎಂಪಿಎಸ್ ಅಳೆಯುವುದಾದರೆ ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ಬರಬೇಕು. ಆದರೆ ಕ್ಷಣಾರ್ಧದ ಇಳಿತ ಮಲ್ಟಿಮೀಟರ್‌ಗೆ ಕಾಣುವುದಿಲ್ಲ. ಚೆನ್ನಾಗಿರುವ ಇನ್ನೊಂದು ಎಸ್‌ಎಂಪಿಎಸ್ ಎರಡು ದಿನಕ್ಕೆ ಎರವಲು ತಂದು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಅದರ ಡಬ್ಬಿಯನ್ನು ಮಾತ್ರ ನೀವು ಬಿಚ್ಚಬೇಡಿ. ಒಳಗಿನ, ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೇಲೆ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಇಷ್ಟೆಲ್ಲ ಮುಗಿದ ಮೇಲೆ ಬೋರ್ಡ್‌ನ ಸರದಿ. ಆಗಲೂ ಮೊದಲು ಕಣ್ಣಿನಿಂದ ನೋಡಿ. ಪ್ರೊಸೆಸರ್ ಸುತ್ತ ನಿಂತಿರುವ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಬೋರ್ಡ್ ಮೇಲಿನ ಅನುಮಾನ ನಿಜ. ಲಾಗ್‌ನಲ್ಲಿ ಹಾರ್ಡ್‌ವೇರ್ ದೋಷ ಬರೆದಿಡುವ 'ವೀಯಾ ಲಾಗರ್' (WHEA-Logger) ಹೆಸರಿನ 18 ಪದೇ ಪದೇ ಬರುತ್ತಿದ್ದರೂ ಪ್ರೊಸೆಸರ್ ಅಥವಾ ಬೋರ್ಡ್ ಕಡೆ ನೋಡಬೇಕು. ನಿಮ್ಮಲ್ಲಿ ಅದು ಬಂದಿದೆ ಅಂತ ನೀವು ಬರೆದಿಲ್ಲ.

ಈಗ ಮಾಡಬೇಕಾದ್ದು ಇಷ್ಟು. ಸಿಸ್ಟಮ್ ಲಾಗ್ ಮೇಲೆ ಬಲ ಕ್ಲಿಕ್ ಮಾಡಿ 'ಸೇವ್ ಆಲ್ ಈವೆಂಟ್ಸ್ ಆಸ್' ಕೊಟ್ಟು ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡಿ, ಮತ್ತೆ ಯಾರಾದರೂ ಫಾರ್ಮ್ಯಾಟ್ ಮಾಡಿದರೂ ಸಾಕ್ಷಿ ಉಳಿಯುತ್ತದೆ. ಪ್ರಿಂಟರ್ ಪ್ಲಗ್ ಬದಲಿಸಿ. ಗೋಡೆಗೆ ಒಂದು ಕಾಗದ ಅಂಟಿಸಿ, ಆಫ್ ಆದಾಗಲೆಲ್ಲ ಗಂಟೆ, ಆಗ ಮಾಡುತ್ತಿದ್ದ ಕೆಲಸ, ದೀಪ ಮಿಟುಕಿತ್ತಾ ಇಲ್ವಾ, ಕಂಪ್ಯೂಟರ್ ತಾನೇ ಮತ್ತೆ ಶುರುವಾಯಿತಾ ಅಥವಾ ಆಫ್ ಆಗಿಯೇ ಉಳಿಯಿತಾ ಅಂತ ಬರೆಯಿರಿ. ಹತ್ತು ದಿನ ಆದ ಮೇಲೆ ಆ ಕಾಗದದ ಫೋಟೋ ಮತ್ತು 6008ರ ಸಮಯಗಳನ್ನು ಕಳಿಸಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಆ ಎಂಟು ಸಾವಿರ ನಿಮ್ಮ ಹತ್ತಿರವೇ ಇರಲಿ.